ಮೊದಲು ಮೂಗು, ಆಮೇಲೆ ಕನ್ನಡಿ

ನಲವತ್ತು ದಾಟಿದ ಮೇಲೆ ಚಾಳೀಸು ಬರುವುದು ಹೊಸ ಸಂಗತಿಯೇನಲ್ಲ. ಆದರೆ ಪಿಯುಸಿಯಿಂದಲೇ ಮೈನಸ್ ಪವರಿನ ಕನ್ನಡಕ ಹಾಕಿಕೊಂಡು ಬಂದವರಿಗೆ ಅದು ಬರುವ ರೀತಿ ಬೇರೆ: ದೂರದ್ದು ಕಾಣಲು ಕನ್ನಡಕ ಬೇಕು, ಹತ್ತಿರದ್ದು ಓದಲು ಅದನ್ನೇ ಹಣೆಗೆ ಏರಿಸಬೇಕು. ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನನಗೆ ಕೊನೆಯ ಬೆಂಚಿನ ಹುಡುಗ ಏನು ಮಾಡುತ್ತಿದ್ದಾನೆ ಎಂಬುದೂ ಕಾಣಬೇಕು, ಎದುರು ನಿಂತ ಹುಡುಗಿಯ ನೋಟ್‌ಬುಕ್ಕಿನಲ್ಲಿ ದಶಮಾಂಶ ಬಿಂದು ಎಲ್ಲಿ ಬಿದ್ದಿದೆ ಎಂಬುದೂ ಕಾಣಬೇಕು. ಬೇಸಿಗೆ ರಜೆಯಲ್ಲಿ ಕಣ್ಣು ತೋರಿಸಿದಾಗ ಡಾಕ್ಟರು ಎರಡೂ ಕಣ್ಣಿಗೆ ಮೈನಸ್ ನಾಲ್ಕೂವರೆಯ ಆಸುಪಾಸಿನ ಪವರನ್ನು, ಕಣ್ಣಿನ ಅಸಮ ಬಾಗನ್ನು ಸರಿದೂಗಿಸುವ ಸಿಲಿಂಡರ್ ಪವರನ್ನು ಸ್ವಲ್ಪ, ಓದಲು ಒಂದೂಕಾಲು ಹೆಚ್ಚುವರಿ ಪವರನ್ನು ಬರೆದು, ಪ್ರೊಗ್ರೆಸ್ಸಿವ್ ಹಾಕಿಸಿಕೊಳ್ಳುವುದು ಒಳ್ಳೆಯದೆಂದು ಹೇಳಿದರು. ಹಳೆಯ ಫ್ರೇಮಿಗೇ ಹೊಸ ಗ್ಲಾಸು ಕೂರಿಸಿಬಿಡೋಣ ಎಂಬ ಲೆಕ್ಕಾಚಾರ ಅಲ್ಲಿಗೆ ಮುಗಿಯಿತು.

ಮುಗಿದದ್ದಕ್ಕೆ ಕಾರಣ ಸರಳವಾಗಿತ್ತು. ಪ್ರೊಗ್ರೆಸ್ಸಿವ್ ಲೆನ್ಸಿನ ಮೇಲ್ಭಾಗ ದೂರಕ್ಕೆ, ಕೆಳಭಾಗ ಓದಿಗೆ. ಎರಡರ ನಡುವೆ ಬೈಫೋಕಲ್ಲಿನ ಹಾಗೆ ಗೆರೆ ಇರುವುದಿಲ್ಲ, ಪವರು ಮೆಲ್ಲಗೆ ಬದಲಾಗುತ್ತ ಇಳಿಯುತ್ತದೆ. 1959ರಲ್ಲಿ ಫ್ರಾನ್ಸಿನಲ್ಲಿ ವ್ಯಾರಿಲಕ್ಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಈ ಬಗೆಯ ಲೆನ್ಸು ಅಂದಿನಿಂದ ಎಷ್ಟೇ ಸುಧಾರಿಸಿದ್ದರೂ, ಆ ಇಳಿಜಾರಿಗೆ ಒಂದಿಷ್ಟು ಎತ್ತರ ಬೇಕೇ ಬೇಕು. ಕಣ್ಣಿನ ಪಾಪೆಯ ನಡುವಿನಿಂದ ಫ್ರೇಮಿನ ಕೆಳ ಅಂಚಿನವರೆಗೆ ಸಾಮಾನ್ಯ ವಿನ್ಯಾಸಗಳಿಗೆ ಸುಮಾರು 18 ಮಿಲಿಮೀಟರ್, ಮೋಟು ವಿನ್ಯಾಸಗಳಿಗೆ 14 ಮಿಲಿಮೀಟರ್ ಆದರೂ ಸಿಗಬೇಕು. ಒಂದು ಕಾಲಕ್ಕೆ ಎಲ್ಲರ ಮುಖದ ಮೇಲೂ ಇದ್ದ ಕಿರಿದಾದ ಆಯತಾಕಾರದ ಫ್ರೇಮು ನನ್ನದು. ಅದರ ಒಟ್ಟು ಎತ್ತರವೇ 24 ಮಿಲಿಮೀಟರ್, ಪಾಪೆಯ ಕೆಳಗೆ ಉಳಿಯುತ್ತಿದ್ದದ್ದು ಅದರ ಅರ್ಧಕ್ಕಿಂತ ಕಡಿಮೆ. ಅದರಲ್ಲಿ ಪ್ರೊಗ್ರೆಸ್ಸಿವ್ ಹಾಕಿಸಿದರೆ ಓದುವ ಭಾಗವನ್ನು ಕತ್ತರಿಸಿ ಕಸದ ಬುಟ್ಟಿಗೆ ಹಾಕಿದಂತೆಯೇ ಸರಿ.

ಆಸ್ಪತ್ರೆಯಿಂದ ಹೊರಡುವ ಮೊದಲು ಒಂದು ಅಳತೆಯನ್ನು ಕೇಳಿ ಬರೆಸಿಕೊಂಡೆ. ಚೀಟಿಯಲ್ಲಿ ಪವರು, ಸಿಲಿಂಡರು, ಅದರ ಕೋನ ಹೇಳುವ ಆಕ್ಸಿಸ್ಸು ಎಲ್ಲವೂ ಇರುತ್ತವೆ. ಎರಡು ಪಾಪೆಗಳ ನಡುವಿನ ಅಂತರ, ಅಂದರೆ ಅಂಗಡಿಯವರು ಪಿ.ಡಿ. ಎನ್ನುವುದು, ಕೇಳದೆ ಹೋದರೆ ಸಾಮಾನ್ಯವಾಗಿ ಇರುವುದಿಲ್ಲ. ನನ್ನದು 60 ಮಿಲಿಮೀಟರ್ ಬಂದಿತು. ಮೂಗಿನ ನಡುವಿನಿಂದ ಬಲಗಣ್ಣಿಗೆ 29.5, ಎಡಗಣ್ಣಿಗೆ 30.5. ಎರಡೂ ಕಡೆ ಸಮವಾಗಿರುವವರು ಕಡಿಮೆಯಂತೆ, ಅದಕ್ಕಾಗಿಯೇ ಪ್ರೊಗ್ರೆಸ್ಸಿವಿಗೆ ಎರಡನ್ನೂ ಬೇರೆ ಬೇರೆ ಬರೆಯಬೇಕಂತೆ. ಫ್ರೇಮು ಆರಿಸುವುದಕ್ಕೂ ಈ ಸಂಖ್ಯೆಗೂ ಇರುವ ನಂಟು ಅರ್ಥವಾದದ್ದು ಮಾತ್ರ ಅಂಗಡಿಗೆ ಹೋದ ಮೇಲೆ.

ಮೊದಲು ಹೋದದ್ದು ಪಿ.ಜೆ. ಬಡಾವಣೆಯ ಕಡೆಯ ಒಂದು ದೊಡ್ಡ ಷೋರೂಮಿಗೆ. ಬಿ.ಕಾಂ. ಓದುತ್ತಿರುವ ಮಗಳು ಜೊತೆಗಿದ್ದಳು. ಗೋಡೆಯ ತುಂಬ ಫ್ರೇಮುಗಳು, ಪ್ರತಿಯೊಂದರ ಹಿಂದೆ ಬಿಳಿ ಬೆಳಕು, ನಡುವೆ ಮುಖದ ಆಕಾರಗಳ ಒಂದು ಪಟ: ದುಂಡು ಮುಖಕ್ಕೆ ಮೂಲೆಯುಳ್ಳ ಫ್ರೇಮು, ಚೌಕ ಮುಖಕ್ಕೆ ದುಂಡು ಫ್ರೇಮು, ಮೊಟ್ಟೆಯಾಕಾರದ ಮುಖಕ್ಕೆ ಯಾವುದಾದರೂ ಸರಿ. ಪಟದ ಮುಂದೆ ನಿಂತು ನನ್ನ ಮುಖ ಯಾವ ಗುಂಪಿನದೆಂದು ತೀರ್ಮಾನಿಸಲು ನಾವಿಬ್ಬರೂ ಸೋತೆವು. ಹಣೆ ಒಂದು ಗುಂಪಿಗೆ ಸೇರಿದರೆ ಗಲ್ಲ ಇನ್ನೊಂದಕ್ಕೆ ಸೇರುತ್ತಿತ್ತು. ಇಂಥ ಪಟಗಳಿಂದ ತಪ್ಪೇನೂ ಆಗುವುದಿಲ್ಲ, ಆದರೆ ಅವು ಹೇಳುವುದು ತೀರ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಮುಖದ ಹೊರರೇಖೆಗಿಂತ ಹುಬ್ಬಿನ ಸಾಲು, ಕಣ್ಣು ಫ್ರೇಮಿನೊಳಗೆ ಕೂರುವ ಜಾಗ ಮತ್ತು ಕಪಾಲದ ಅಗಲ, ಈ ಮೂರನ್ನು ನೋಡಿದರೆ ಆಯ್ಕೆ ಬೇಗ ಹತ್ತಿರಕ್ಕೆ ಬರುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ, ಮೈನಸ್ ಪವರಿನವರಿಗೆಲ್ಲ ಅದು ಗೊತ್ತು. ಅಂಗಡಿಯ ಫ್ರೇಮಿನಲ್ಲಿರುವುದು ಪವರಿಲ್ಲದ ತೋರಿಕೆಯ ಗಾಜು. ಅದನ್ನು ಹಾಕಿಕೊಂಡು ಕನ್ನಡಿಯಲ್ಲಿ ನೋಡಿದರೆ ಕಾಣುವುದು ಮುಖವಲ್ಲ, ಮುಖದ ಬಣ್ಣದ ಒಂದು ಮಸುಕು. ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ಹೋದರೆ ಒಂದು ಕಣ್ಣು ಕಾಣುತ್ತದೆ, ಇಡೀ ಮುಖ ಕಾಣುವುದಿಲ್ಲ. ಆದ್ದರಿಂದ ಮಗಳು ಪ್ರತಿ ಫ್ರೇಮಿಗೂ ಮೂರು ಬದಿಯಿಂದ ಮೊಬೈಲಿನಲ್ಲಿ ಫೋಟೊ ತೆಗೆದಳು: ನೇರವಾಗಿ ಒಂದು, ಪಕ್ಕದಿಂದ ಒಂದು, ನಕ್ಕಾಗ ಒಂದು. ಕ್ಯಾಮೆರಾವನ್ನು ನನ್ನ ಕಣ್ಣಿನ ಮಟ್ಟಕ್ಕೇ ಹಿಡಿಯಬೇಕೆಂದು ಹೇಳಿದ್ದೆ, ಏಕೆಂದರೆ ಮೇಲಿನಿಂದ ತೆಗೆದರೆ ಎಲ್ಲ ಫ್ರೇಮೂ ಜಾರಿದಂತೆ ಕಾಣುತ್ತದೆ. ಆಮೇಲೆ ಹಳೆಯ ಕನ್ನಡಕ ಹಾಕಿಕೊಂಡು, ಅಲ್ಲಿಯೇ ಕುರ್ಚಿಯಲ್ಲಿ ಕುಳಿತು, ಫೋಟೊಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದೆ. "ಅಮ್ಮ, ಇದ್ರಲ್ಲಿ ನೀನು ನಿಮ್ ಹೆಡ್‌ಮೇಡಂ ತರಾನೇ ಕಾಣ್ತೀಯ" ಎಂದು ಮಗಳು ಒಂದು ದಪ್ಪ ಕಪ್ಪು ಫ್ರೇಮನ್ನು ಪಕ್ಕಕ್ಕೆ ಸರಿಸಿದಳು. ಅದನ್ನು ಹೊಗಳಿಕೆಯೆಂದು ತೆಗೆದುಕೊಳ್ಳುವ ಅವಕಾಶ ಅವಳ ದನಿಯಲ್ಲಿ ಇರಲಿಲ್ಲ.

ಫೋಟೊಗಳಿಂದ ತಿಳಿದದ್ದು ಇಷ್ಟು. ಫ್ರೇಮಿನ ಮೇಲಂಚು ಹುಬ್ಬಿನ ಓಟವನ್ನೇ ಹಿಡಿದು ಹೋದರೆ ಮುಖ ಸಮಾಧಾನವಾಗಿ ಕಾಣುತ್ತದೆ. ಹುಬ್ಬಿಗಿಂತ ತುಸು ಕೆಳಗೆ, ನೆಟ್ಟಗೆ ಅಡ್ಡ ಹಾದರೆ ಮುಖಕ್ಕೆ ಎರಡು ಜೊತೆ ಹುಬ್ಬು ಬಂದಂತಾಗುತ್ತದೆ. ಹುಬ್ಬನ್ನು ಪೂರ್ತಿ ಮುಚ್ಚಿದರೆ ಏನು ಮಾತಾಡಿದರೂ ಮುಖದಲ್ಲಿ ಭಾವವೇ ಇಲ್ಲದಂತೆ ತೋರುತ್ತದೆ. ಕಣ್ಣು ಲೆನ್ಸಿನ ಅಡ್ಡಗಲದ ನಡುವಿನಲ್ಲಿ ಅಥವಾ ಸ್ವಲ್ಪ ಮೂಗಿನ ಕಡೆಗೆ, ಎತ್ತರದಲ್ಲಿ ನಡುವಿಗಿಂತ ತುಸು ಮೇಲೆ ಇರಬೇಕು. ಮೂಗಿನ ಮೇಲಿನ ಬ್ರಿಡ್ಜು ಎತ್ತರದಲ್ಲಿದ್ದರೆ ಮೂಗು ಉದ್ದವಾಗಿಯೂ, ಕೆಳಗಿದ್ದರೆ ಮೊಟಕಾಗಿಯೂ ಕಾಣುತ್ತದೆ. ಕುಂಕುಮ ಇಡುವವರು ಇನ್ನೊಂದನ್ನೂ ನೋಡಿಕೊಳ್ಳಬೇಕು: ಎರಡು ಅಡ್ಡಪಟ್ಟಿಗಳ ಬ್ರಿಡ್ಜು ಹಣೆಯ ಬೊಟ್ಟಿನ ಕೆಳಗೇ ಬಂದು ನಿಂತು ಆ ಜಾಗವನ್ನೆಲ್ಲ ಗಿಜಿಗುಡಿಸುತ್ತದೆ. ಬಣ್ಣದ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅಚ್ಚ ಕಪ್ಪು ನನ್ನ ನರೆಯುತ್ತಿರುವ ಕೂದಲಿನ ಪಕ್ಕದಲ್ಲಿ ಗಡುಸಾಗಿ ಕಂಡಿತು, ಚಿನ್ನದ ಬಣ್ಣ ಮೈಬಣ್ಣದಲ್ಲಿ ಕರಗಿಹೋಯಿತು, ಹಳೆಯ ಹುಣಸೆಹಣ್ಣಿನಂಥ ಕಂದು ಸರಿಹೊಂದಿತು.

ಷೋರೂಮಿನ ಹುಡುಗಿ ಉತ್ಸಾಹದಿಂದ ತಂದು ತಂದು ಕೊಟ್ಟದ್ದೆಲ್ಲ ದೊಡ್ಡ ಫ್ರೇಮುಗಳು, ಈಗ ಓಡುತ್ತಿರುವುದು ಅವೇ ಎಂಬ ಕಾರಣಕ್ಕೆ. ಫೋಟೊದಲ್ಲಿ ಕೆಲವು ಚೆನ್ನಾಗಿಯೇ ಇದ್ದವು. ಅಷ್ಟರಲ್ಲಿ ಕಿವಿಗೆ ಸಿಕ್ಕಿಸುವ ಕಡ್ಡಿಯ ಒಳಬದಿಯಲ್ಲಿ ಅಚ್ಚಾಗಿದ್ದ ಸಂಖ್ಯೆಗಳ ಮೇಲೆ ನನ್ನ ಕಣ್ಣು ಬಿತ್ತು: 54, ಒಂದು ಪುಟ್ಟ ಚೌಕ, 17, ಆಮೇಲೆ 140. ಮೊದಲನೆಯದು ಒಂದು ಲೆನ್ಸಿನ ಅಡ್ಡಗಲ, ಎರಡನೆಯದು ಎರಡು ಲೆನ್ಸುಗಳ ನಡುವೆ ಮೂಗಿಗೆ ಬಿಟ್ಟ ಅಂತರ, ಮೂರನೆಯದು ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರಿನಲ್ಲಿ. ಮೊದಲಿನ ಎರಡನ್ನು ಕೂಡಿಸಿದರೆ ಆ ಫ್ರೇಮಿನ ಎರಡು ಲೆನ್ಸುಗಳ ನಟ್ಟನಡುವಿನ ಅಂತರ ಸಿಗುತ್ತದೆ, ಇಲ್ಲಿ 71. ನನ್ನ ಪಾಪೆಗಳ ಅಂತರ 60. ವ್ಯತ್ಯಾಸ 11, ಅರ್ಧ ಮಾಡಿದರೆ ಪ್ರತಿ ಕಣ್ಣಿಗೆ ಐದೂವರೆ ಮಿಲಿಮೀಟರ್. ಅಂದರೆ ಲೆನ್ಸಿನ ಕೇಂದ್ರವನ್ನು ಫ್ರೇಮಿನ ನಡುವಿನಿಂದ ಅಷ್ಟು ಮೂಗಿನ ಕಡೆಗೆ ಸರಿಸಿ ಕೂರಿಸಬೇಕು.

ಸರಿಸಿದರೆ ಏನಾಗುತ್ತದೆ ಎಂಬುದು ಮೈನಸ್ ಲೆನ್ಸಿನ ಆಕಾರವನ್ನು ನೆನೆದರೆ ಗೊತ್ತಾಗುತ್ತದೆ. ಅದು ಕೇಂದ್ರದಲ್ಲಿ ತೆಳುವು, ಅಂಚಿಗೆ ಹೋದಂತೆಲ್ಲ ದಪ್ಪ. ಕೇಂದ್ರ ಮೂಗಿನ ಕಡೆಗೆ ಹೋದಷ್ಟೂ ಕಿವಿಯ ಕಡೆಯ ಅಂಚು ಕೇಂದ್ರದಿಂದ ದೂರವಾಗಿ ಇನ್ನಷ್ಟು ದಪ್ಪವಾಗುತ್ತದೆ, ತೂಕವೂ ಏರುತ್ತದೆ. ಇದಕ್ಕೆ ಮದ್ದೆಂದು ಷೋರೂಮಿನವರು 1.67 ಇಂಡೆಕ್ಸಿನ (ಈ ಸಂಖ್ಯೆ ಏರಿದಷ್ಟೂ ಲೆನ್ಸು ತೆಳುವಾಗುತ್ತದೆ) ಲೆನ್ಸನ್ನು ಸೂಚಿಸಿದರು. ಆ ಲೆನ್ಸು ತೆಳುವಾಗಿರುವುದು ನಿಜವೇ, ಆದರೆ ಮೊದಲು ದೊಡ್ಡ ಫ್ರೇಮು ಕೊಂಡು ಅದರಿಂದಾದ ದಪ್ಪವನ್ನು ಕರಗಿಸಲು ದುಬಾರಿ ಲೆನ್ಸು ಕೊಳ್ಳುವುದಕ್ಕಿಂತ, ಮುಖದ ಅಳತೆಗೆ ಒಪ್ಪುವ ಚಿಕ್ಕ ಫ್ರೇಮಿನಲ್ಲಿ 1.60ರ ಲೆನ್ಸು ಹಾಕಿಸುವುದು ನನ್ನ ಲೆಕ್ಕಕ್ಕೆ ಸರಿ ಕಂಡಿತು. ಚೆಂದದ ದೃಷ್ಟಿಯಿಂದಲೂ ಅದೇ ಮೇಲು. ಮೈನಸ್ ಲೆನ್ಸಿನ ಹಿಂದೆ ಕಣ್ಣು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ಪಕ್ಕದ ಕೆನ್ನೆಯ ಅಂಚು ಲೆನ್ಸಿನೊಳಗೆ ಮುರಿದು ಒಳಸರಿದಂತೆ ತೋರುತ್ತದೆ. ಕಣ್ಣಿನ ಹೊರಗೆ ಲೆನ್ಸು ಚಾಚಿಕೊಂಡಷ್ಟೂ ಆ ಮುರಿತ ಎದ್ದು ಕಾಣುತ್ತದೆ. ತೋರಿಕೆಯ ಗಾಜಿನಲ್ಲಿ ತೆಗೆದ ಫೋಟೊ ಇದ್ಯಾವುದನ್ನೂ ಹೇಳುವುದಿಲ್ಲ.

ಅಂಚಿಲ್ಲದ ಮತ್ತು ಅರ್ಧ ಅಂಚಿನ ಫ್ರೇಮುಗಳನ್ನು ಇದೇ ಕಾರಣಕ್ಕೆ ಬಿಟ್ಟೆ, ಏಕೆಂದರೆ ನನ್ನ ಪವರಿನಲ್ಲಿ ಲೆನ್ಸಿನ ದಪ್ಪ ಅಂಚು ಬಯಲಾಗಿ ಕಾಣುತ್ತದೆ. ಪೂರ್ತಿ ಅಂಚಿನ ಫ್ರೇಮು ಅದನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ. ಅಲ್ಲಿ ನೀಲಿ ಬೆಳಕು ತಡೆಯುವ ಲೇಪನವನ್ನೂ ಬಹಳ ಒತ್ತಾಯಿಸಿದರು. ಕಂಪ್ಯೂಟರಿನಿಂದಾಗುವ ಕಣ್ಣಿನ ಆಯಾಸವನ್ನು ಅಂಥ ಲೆನ್ಸು ಅಲ್ಪಾವಧಿಯಲ್ಲಿ ತಗ್ಗಿಸಿದ್ದು ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ 2023ರ ಕೊಕ್ರೇನ್ ಪರಿಶೀಲನೆಯಲ್ಲಿ ಕಂಡುಬಂದಿಲ್ಲ, ಆದ್ದರಿಂದ ಬೇಡವೆಂದೆ. ಪ್ರತಿಫಲನ ತಡೆಯುವ ಲೇಪನವನ್ನು ಮಾತ್ರ ಒಪ್ಪಿಕೊಂಡೆ. ಅದಿಲ್ಲದಿದ್ದರೆ ತರಗತಿಯ ಟ್ಯೂಬ್‌ಲೈಟೆಲ್ಲ ಗಾಜಿನ ಮೇಲೆ ಕುಳಿತು, ಎದುರಿನವರಿಗೆ ನಮ್ಮ ಕಣ್ಣೇ ಕಾಣುವುದಿಲ್ಲ.

ಕೊನೆಗೆ ಕೊಂಡದ್ದು ಮಂಡಿಪೇಟೆಯ ಕಡೆಯ ಒಂದು ಹಳೆಯ, ಕಿರಿದಾದ ಅಂಗಡಿಯಲ್ಲಿ. ಕೌಂಟರಿನ ಹಿಂದೆ ಕೂರುವ ಹಿರಿಯರು ಹೊಸ ಫ್ರೇಮು ತೋರಿಸುವ ಮೊದಲು ನನ್ನ ಹಳೆಯ ಕನ್ನಡಕವನ್ನು ಕೈಗೆ ತೆಗೆದುಕೊಂಡು, ಮೂಗಿನ ಮೇಲೆ ಕೂರುವ ಪ್ಯಾಡನ್ನು ಹಿಡಿದಿರುವ ತಂತಿಯ ಬುಡದಲ್ಲಿ ಕಟ್ಟಿದ್ದ ಹಸಿರು ಕಿಲುಬನ್ನು ಉಗುರಿನಿಂದ ಕೆರೆದು ತೋರಿಸಿದರು. ಬೆವರು ತಾಕಿ ತಾಕಿ ತಾಮ್ರ ಬೆರೆತ ಲೋಹ ಹಾಗಾಗುತ್ತದೆ. ಅದರ ಪಕ್ಕದ ಚರ್ಮದಲ್ಲಿ ತುರಿಕೆ ಇದೆಯೇ ಎಂದು ಕೇಳಿದರು, ಇತ್ತು. ನಿಕ್ಕಲ್ ಒಗ್ಗದವರಿಗೆ ಹೀಗಾಗುವುದುಂಟೆಂದು ಹೇಳಿ, ಟೈಟಾನಿಯಂ ಫ್ರೇಮುಗಳ ಡಬ್ಬಿಯನ್ನು ಕೆಳಗಿಳಿಸಿದರು. ನಾನು ಒಂದನ್ನು ಹಾಕಿಕೊಂಡು ಅಭ್ಯಾಸಬಲದಿಂದ ಕನ್ನಡಿಯ ಕಡೆ ತಿರುಗಿದೆ. "ಕನ್ನಡಿ ಆಮೇಲೆ ನೋಡ್ಕೊಂಡ್ರಾತು ಮೇಡಂ, ಮೊದ್ಲು ತಲೆ ಬಗ್ಗಿಸ್ರಿ" ಎಂದರು.

ಆಮೇಲೆ ನಡೆದದ್ದು ಒಂದು ಸಣ್ಣ ಕವಾಯತು. ನೋಟ್‌ಬುಕ್ಕು ತಿದ್ದುವಾಗಿನಂತೆ ಕತ್ತು ಬಗ್ಗಿಸಬೇಕು, ಇಲ್ಲವೆನ್ನುವಂತೆ ತಲೆ ಅಲ್ಲಾಡಿಸಬೇಕು, ಹುಬ್ಬು ಏರಿಸಬೇಕು, ಹಲ್ಲು ಕಾಣುವಂತೆ ನಗಬೇಕು. ನಕ್ಕಾಗ ಕೆನ್ನೆ ಏರಿ ಫ್ರೇಮಿನ ಕೆಳ ಅಂಚನ್ನು ಎತ್ತಿದರೆ ಆ ಫ್ರೇಮು ಅಲ್ಲಿಗೇ ಹೊರಗೆ. ನನ್ನ ಮೂಗಿನ ಬುಡ ತಗ್ಗು. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ದಪ್ಪ ಫ್ರೇಮುಗಳಲ್ಲಿ ಬ್ರಿಡ್ಜು ಫ್ರೇಮಿನದೇ ಭಾಗವಾಗಿರುವುದರಿಂದ ಅದು ಮೂಗಿಗೆ ಒಪ್ಪಿದರೆ ಒಪ್ಪಿತು, ಇಲ್ಲದಿದ್ದರೆ ಇಲ್ಲ, ಮತ್ತು ನನಗೆ ಒಪ್ಪಿದ್ದು ಒಂದೂ ಇರಲಿಲ್ಲ. ಎಲ್ಲವೂ ಜಾರಿ ಕೆನ್ನೆಯ ಮೇಲೆ ಕುಳಿತವು. ಲೋಹದ ಫ್ರೇಮಿನ ಪ್ಯಾಡುಗಳನ್ನಾದರೆ ಇಕ್ಕಳದಿಂದ ಒಳಗೆ, ಹೊರಗೆ, ಓರೆಯಾಗಿ ತಿರುಗಿಸಬಹುದು. ಹಿರಿಯರು ಪ್ಯಾಡಿನ ಓರೆಯನ್ನು ಮೂಗಿನ ಇಳಿಜಾರಿಗೆ ಹೊಂದಿಸಿ, ಕನ್ನಡಕ ತೆಗೆಸಿ ಗುರುತು ನೋಡಿ, ಮತ್ತೆ ತಿರುಗಿಸಿ, ಮತ್ತೆ ಹಾಕಿಸಿದರು. ಪ್ಯಾಡಿನ ಇಡೀ ಮೈ ಚರ್ಮಕ್ಕೆ ತಾಗಿದರೆ ಭಾರ ಹಂಚಿಹೋಗುತ್ತದೆ. ಬರೀ ಅಂಚು ತಾಗಿದರೆ ಅದೇ ಮೂಗಿನ ಮೇಲೆ ಕೆಂಪು ಗುಳಿ ಬೀಳಿಸುತ್ತದೆ. ವರ್ಷಗಟ್ಟಲೆ ನನ್ನ ಮೂಗಿನ ಇಕ್ಕೆಲಗಳಲ್ಲಿದ್ದ ಗುಳಿಗಳಿಗೆ ಕಾರಣ ಭಾರವಲ್ಲ, ಓರೆ ಎಂದು ಅವತ್ತು ಗೊತ್ತಾಯಿತು.

ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಇದೆಲ್ಲ ಬರೀ ಸೌಖ್ಯದ ಮಾತಲ್ಲ. ಮಧ್ಯಾಹ್ನ ಮಂಡಿಪೇಟೆಯ ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಮೂಗು ಬೆವರಿ ಕನ್ನಡಕ ಇಳಿಯುತ್ತದೆ. ಒಂದೇ ಪವರಿನ ಗ್ಲಾಸಾದರೆ ಇಳಿದರೂ ಅಷ್ಟು ತೊಂದರೆಯಿಲ್ಲ. ಪ್ರೊಗ್ರೆಸ್ಸಿವಿನಲ್ಲಿ ಎರಡು ಮೂರು ಮಿಲಿಮೀಟರ್ ಜಾರಿದರೂ ಓದುವ ಭಾಗ ಅಷ್ಟೇ ಕೆಳಕ್ಕೆ ಹೋಗಿ, ಅದನ್ನು ಹುಡುಕಲು ಗಲ್ಲವನ್ನು ಮೇಲಕ್ಕೆತ್ತಬೇಕಾಗುತ್ತದೆ.

ಕಡ್ಡಿಯ ಸರದಿ ಬಂದಾಗ ಎರಡು ಬೆರಳುಗಳಿಂದ ನನ್ನ ಕಪಾಲದ ಪಕ್ಕವನ್ನು ಮುಟ್ಟಿ ನೋಡಿಕೊಳ್ಳಲು ಹೇಳಿದರು. ಕಡ್ಡಿ ಕಿವಿಯವರೆಗೆ ಚರ್ಮವನ್ನು ಒತ್ತದೆ ಹೋಗಬೇಕು. ನಡುದಾರಿಯಲ್ಲೇ ಹೊರಕ್ಕೆ ಬಾಗಿ ಒತ್ತುತ್ತಿದ್ದರೆ ಫ್ರೇಮು ಮುಖಕ್ಕಿಂತ ಕಿರಿದು. ಅದು ಮುಂದಕ್ಕೆ ತಳ್ಳಿಕೊಂಡು ಜಾರುತ್ತಲೇ ಇರುತ್ತದೆ. ಕಡ್ಡಿಯ ಬಾಗು ಕಿವಿಯ ಮೇಲ್ತುದಿ ದಾಟಿದ ಕೂಡಲೇ ಶುರುವಾಗಬೇಕು, ಮೊದಲೂ ಅಲ್ಲ, ಬಹಳ ಆಚೆಯೂ ಅಲ್ಲ. ಇಲ್ಲಿ ನನ್ನದೊಂದು ಪ್ರಶ್ನೆಯಿತ್ತು. ಮದುವೆ ಮುಂಜಿಗಳಲ್ಲಿ ಓಲೆಯಿಂದ ಕಿವಿಯ ಮೇಲೆ ಹಾದು ಕೂದಲಿಗೆ ಸಿಕ್ಕಿಸುವ ಮಾಟಿ ಹಾಕುತ್ತೇನೆ. ಕಡ್ಡಿಯೂ ಅದೇ ಜಾಗದಲ್ಲಿ ಕೂರುವುದರಿಂದ ಸಂಜೆಯ ಹೊತ್ತಿಗೆ ಕಿವಿಯ ಹಿಂದೆ ನೋಯುತ್ತದೆ. ದಪ್ಪ ಪ್ಲಾಸ್ಟಿಕ್ ಕಡ್ಡಿಗಿಂತ ತೆಳುವಾದ ಲೋಹದ ಕಡ್ಡಿಯಲ್ಲಿ ಎರಡಕ್ಕೂ ಜಾಗ ಸಿಕ್ಕಿತು. ಟಿಆರ್90 ಎಂಬ ಹಗುರ ಪ್ಲಾಸ್ಟಿಕ್ಕಿನ ಫ್ರೇಮನ್ನೂ ಹಾಕಿ ನೋಡಿದೆ, ಕಾಗದದಷ್ಟೂ ತೂಕವಿಲ್ಲ ಎನ್ನಿಸಿತು, ಆದರೆ ಬಾಗಿಸಿದರೆ ಮತ್ತೆ ಮೊದಲಿನಂತಾಗುವುದೇ ಅದರ ಗುಣವಾದ್ದರಿಂದ ಕಿವಿಗೆ ತಕ್ಕಂತೆ ತಿದ್ದುವುದು ಕಷ್ಟವೆಂದರು.

ಉಳಿದದ್ದು ಟೈಟಾನಿಯಂನ ಒಂದು ಫ್ರೇಮು. ಮೇಲಂಚು ತುಸು ಚಪ್ಪಟೆ, ಕೆಳಗೆ ದುಂಡು, ಕಂದು ಬಣ್ಣ, ಅಳತೆ 48, 19, 140, ಲೆನ್ಸಿನ ಎತ್ತರ 36. ಕೂಡಿಸಿ ಕಳೆದರೆ ಪ್ರತಿ ಕಣ್ಣಿಗೆ ಮೂರೂವರೆ ಮಿಲಿಮೀಟರ್ ಸರಿಸಿದರೆ ಸಾಕು. ಮಗಳು ಫೋಟೊ ತೆಗೆದು ತಲೆಯಾಡಿಸಿದಳು. ಷೋರೂಮಿನಲ್ಲಿ ಇದೇ ಆಕಾರವನ್ನು ಕೈಗೆತ್ತಿಕೊಂಡು, ಗೋಡೆಯ ಮೇಲೆ ಮಂಕಾಗಿದೆ ಎಂದು ವಾಪಸಿಟ್ಟವಳೂ ಅವಳೇ.

ಲೆನ್ಸಿನ ಗುರುತು ಹಾಕುವ ಕೆಲಸವನ್ನು ಹಿರಿಯರು ಕೊನೆಗೆ ಇಟ್ಟುಕೊಂಡಿದ್ದರು. ಪ್ಯಾಡು, ಕಡ್ಡಿ ಎಲ್ಲವನ್ನೂ ಮುಖಕ್ಕೆ ಹೊಂದಿಸಿದ ಮೇಲೆ, ನನ್ನ ಕಣ್ಣಿನ ಮಟ್ಟಕ್ಕೇ ತಮ್ಮ ಕಣ್ಣು ಬರುವಂತೆ ಸ್ಟೂಲಿನ ಮೇಲೆ ಕುಳಿತು, ಅವರ ಎಡಗಣ್ಣನ್ನೂ ಆಮೇಲೆ ಬಲಗಣ್ಣನ್ನೂ ನೋಡಲು ಹೇಳಿ, ತೋರಿಕೆಯ ಗಾಜಿನ ಮೇಲೆ ಮಾರ್ಕರ್ ಪೆನ್ನಿನಿಂದ ಪಾಪೆಯ ನೇರಕ್ಕೆ ಒಂದೊಂದು ಚುಕ್ಕೆ ಇಟ್ಟರು. ಚುಕ್ಕೆಯಿಂದ ಕೆಳ ಅಂಚಿನವರೆಗೆ ಎತ್ತರ 20 ಮಿಲಿಮೀಟರ್ ಸಿಕ್ಕಿತು. ಕೆಲವೆಡೆ ಮೊದಲು ಗುರುತು ಹಾಕಿ, ಕನ್ನಡಕ ತಯಾರಾಗಿ ಬಂದ ಮೇಲೆ ಪ್ಯಾಡು ತಿರುಗಿಸುತ್ತಾರೆ. ಆಗ ಫ್ರೇಮು ಏರುತ್ತದೆ ಅಥವಾ ಇಳಿಯುತ್ತದೆ, ಹಾಕಿದ ಗುರುತು ವ್ಯರ್ಥವಾಗುತ್ತದೆ. ಹೊಸ ಪ್ರೊಗ್ರೆಸ್ಸಿವ್ ಒಗ್ಗಲಿಲ್ಲವೆಂದು ದೂರುವವರು ಪವರನ್ನು ಬೈಯುವ ಮುನ್ನ ಈ ಎತ್ತರವನ್ನು ಒಮ್ಮೆ ಅಳೆಯಿಸಿ ನೋಡಬೇಕು.

ಗ್ಲಾಸು ಬೆಂಗಳೂರಿನಿಂದ ತಯಾರಾಗಿ ಬಂದಾಗ ಅದರ ಮೇಲೆ ಬಣ್ಣದ ಸಣ್ಣ ಗುರುತುಗಳು ಹಾಗೆಯೇ ಇದ್ದವು. ಅವುಗಳನ್ನು ಒರೆಸುವ ಮೊದಲು ಕನ್ನಡಕ ಹಾಕಿಸಿ, ಪ್ರತಿ ಕೂಡುಗುರುತೂ ಪಾಪೆಯ ಮೇಲೆಯೇ ಬರುತ್ತದೆಯೇ ಎಂದು ಪರೀಕ್ಷಿಸಿದರು. ನನ್ನ ಎಡಗಿವಿ ಬಲಗಿವಿಗಿಂತ ಸ್ವಲ್ಪ ಕೆಳಗಿದೆ ಎಂಬುದು ನನಗೆ ತಿಳಿದದ್ದು ಆಗಲೇ. ಕನ್ನಡಕ ಸೊಟ್ಟಗೆ ಕಂಡಾಗ ಅವರು ಒಂದು ಕಡ್ಡಿಯ ಬುಡವನ್ನು ಕೂದಲೆಳೆಯಷ್ಟು ಬಾಗಿಸಿ ನೆಟ್ಟಗೆ ಮಾಡಿದರು. ಮೊದಲ ವಾರ ಮೆಟ್ಟಿಲು ಇಳಿಯುವಾಗ ನೆಲ ತೇಲಿದಂತಿತ್ತು, ಪಕ್ಕಕ್ಕೆ ಕಣ್ಣು ಹೊರಳಿಸಿದರೆ ಮಸುಕು. ಆ ಮಸುಕು ಈ ಜಾತಿಯ ಲೆನ್ಸಿನ ಹುಟ್ಟುಗುಣ, ಪೂರ್ತಿ ಹೋಗುವುದಿಲ್ಲ. ಕಣ್ಣಿನ ಬದಲು ಕತ್ತು ತಿರುಗಿಸುವುದನ್ನು ಕಲಿತ ಮೇಲೆ ಅದರ ಗೊಡವೆ ತಪ್ಪಿತು. ಶಾಲೆ ಶುರುವಾಗುವ ಹೊತ್ತಿಗೆ ಕಪ್ಪು ಹಲಗೆಯಿಂದ ನೋಟ್‌ಬುಕ್ಕಿಗೆ, ನೋಟ್‌ಬುಕ್ಕಿನಿಂದ ಕೊನೆಯ ಬೆಂಚಿಗೆ ದೃಷ್ಟಿ ತಡೆಯಿಲ್ಲದೆ ಓಡಾಡುತ್ತಿತ್ತು.

ಈಗ ಮನೆಯಲ್ಲಿ ಅತ್ತೆಯವರ ಸರದಿ. ಪೊರೆಯ ಆಪರೇಷನ್ ಆದ ಮೇಲೆ ಅವರಿಗೆ ಓದುವ ಪವರು ಮಾತ್ರ ಬೇಕು, ಆದರೆ ಮಾವನವರು ಕೊಡಿಸಿದ್ದ ಚಿನ್ನದ ಬಣ್ಣದ ಫ್ರೇಮನ್ನು ಬಿಡಲು ಮನಸ್ಸಿಲ್ಲ. ಅದನ್ನು ಮಂಡಿಪೇಟೆಗೆ ಒಯ್ದು ತೋರಿಸಿದೆ. ಅಂಚು ಎಲ್ಲೂ ಬಿರಿದಿಲ್ಲ, ಸ್ಕ್ರೂ ಹಿಡಿಯುವ ಮರೆ ಸವೆದಿಲ್ಲ, ಪ್ಯಾಡು ಬದಲಿಸಿ ಅದಕ್ಕೇ ಹೊಸ ಗ್ಲಾಸು ಕೂರಿಸಬಹುದು ಎಂದು ಹಿರಿಯರು ಹೇಳಿದ್ದಾರೆ. ಅಜ್ಜಿಯನ್ನೇ ಒಮ್ಮೆ ಕರೆತಂದರೆ ಅಳತೆ ತೆಗೆಯುವುದಾಗಿಯೂ, ಅವರಿಲ್ಲದೆ ಗುರುತು ಹಾಕುವುದಿಲ್ಲವೆಂದೂ ಖಡಾಖಂಡಿತವಾಗಿ ಸೇರಿಸಿದ್ದಾರೆ.